ಗೂಡು ಮತ್ತು ಗುರುತು: ಕಡತಗಳ ವರ್ಗೀಕರಣದ ಚಾರಿತ್ರಿಕ ನೆಲೆಗಳು

ಮಲೆ ಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲ’ನ್ನು ದೇವರಗುಡ್ಡರು ಹಾಡಿದ ಧ್ವನಿಮುದ್ರಣವನ್ನು ಗಣಕಯಂತ್ರದಲ್ಲಿ ಎಲ್ಲಿಡಬೇಕು? ಚಾಮರಾಜನಗರ ಜಿಲ್ಲೆ ಎಂಬ ಫೋಲ್ಡರಿನಲ್ಲಿಯೋ, ಜನಪದ ಮಹಾಕಾವ್ಯ ಎಂಬುದರಲ್ಲಿಯೋ, ಕಂಸಾಳೆ ಎಂಬ ಕಲಾಪ್ರಕಾರದಲ್ಲಿಯೋ? ಸೋಲಿಗರ ಬದುಕು, ಹೆಂಡತಿಯನ್ನು ಶಂಕಿಸಿ ಹಿಂಸಿಸುವ ಗಂಡ, ಮಾದೇಶ್ವರನ ಪವಾಡ ಇವೆಲ್ಲವೂ ಆ ಒಂದೇ ಸಾಲಿನೊಳಗಿವೆ. ಫೋಲ್ಡರಾದರೋ ಒಂದೇ ನೆಲೆಯನ್ನು ಕೇಳುತ್ತದೆ. ಒಂದರಲ್ಲಿಟ್ಟರೆ ಉಳಿದ ಹಾದಿಗಳಿಂದ ಬರುವ ಸಂಶೋಧಕನ ಪಾಲಿಗೆ ಅದು ಇಲ್ಲದಂತೆಯೇ. ಕ್ಷೇತ್ರದಲ್ಲಿ ಉಳಿಸಿ ತಂದದ್ದು ಸಂಗ್ರಹಾಲಯದಲ್ಲಿ ಕಳೆದುಹೋಗುವುದು ಹೀಗೆ.

ಈ ತೊಡಕು ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. 1876ರಲ್ಲಿ ಪ್ರಕಟವಾದ ಮೆಲ್ವಿಲ್ ಡ್ಯೂಯಿಯ ದಶಮಾಂಶ ವರ್ಗೀಕರಣವು ಜ್ಞಾನವನ್ನು ಕವಲೊಡೆಯುವ ಮರವಾಗಿ ಕಂಡಿತು. ಇಂದಿನ ಅದರ ಆವೃತ್ತಿಗಳಲ್ಲಿ ಜನಪದ ಸಾಹಿತ್ಯ 398.2ರಲ್ಲಿ, ಜನಪದ ಸಂಗೀತ 781.62ರಲ್ಲಿ, ರಂಗಪ್ರದರ್ಶನ 792ರಲ್ಲಿ ಇವೆ. ಕಥೆ, ಹಾಡು, ಕುಣಿತ, ಭಕ್ತಿಗಳು ಬೇರ್ಪಡದ ಕಂಸಾಳೆಯಂತಹ ಕಲೆಗೆ ಇಲ್ಲಿ ನ್ಯಾಯ ದೊರೆಯುವುದು ಕಷ್ಟ.

ಇದಕ್ಕೆ ಭಿನ್ನವಾದ ದಾರಿಯನ್ನು ತೋರಿದವರು ಎಸ್.ಆರ್. ರಂಗನಾಥನ್. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕಾನೊ ಆಟಿಕೆ ಅವರಿಗೆ ಹೊಳಹು ನೀಡಿತು: ಅವೇ ಬಿಡಿಭಾಗಗಳನ್ನು ಜೋಡಿಸಿ ಹಲವು ರೂಪಗಳನ್ನು ಕಟ್ಟಬಹುದಾದರೆ, ವಿಷಯಗಳನ್ನೇಕೆ ಹಾಗೆ ಕಟ್ಟಬಾರದು? 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳ ಸಿದ್ಧಾಂತವನ್ನು ಅವರು ಮುಂದೆ ರೂಪಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವು ಈ ಚಿಂತನೆಯನ್ನು ಮುಂದುವರಿಸಿತು. ಆದರೆ ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಜಾಗವಿರುವ ತನಕ ಸಿದ್ಧಾಂತದ ಬಲ ಪೂರ್ಣವಾಗಿ ಪ್ರಕಟವಾಗುವಂತಿರಲಿಲ್ಲ.

ಗಣಕಯಂತ್ರಕ್ಕೆ ಅಂತಹ ನಿರ್ಬಂಧವಿಲ್ಲ. ಆದರೂ ಅದು ಕಪಾಟನ್ನೇ ಅನುಕರಿಸಿತೆಂಬುದು ವಿಚಿತ್ರ. 1965ರಲ್ಲಿ ಡೇಲಿ ಮತ್ತು ನ್ಯೂಮನ್ ಮಲ್ಟಿಕ್ಸ್ ವ್ಯವಸ್ಥೆಗಾಗಿ ಮಂಡಿಸಿದ ವಿನ್ಯಾಸದಲ್ಲಿ ಕಡತಗಳು ಮರದ ಕೊಂಬೆಗಳಂತಿದ್ದವು. 1981ರ ಜೆರಾಕ್ಸ್ ಸ್ಟಾರ್ ಪರದೆಯ ಮೇಲೆ ಕಚೇರಿಯ ಫೋಲ್ಡರಿನ ಚಿತ್ರವನ್ನೇ ತಂದಿತು. 1991ರಲ್ಲಿ ಡೇವಿಡ್ ಗಿಫರ್ಡ್ ಮತ್ತು ಸಂಗಡಿಗರು ಕಡತದ ಗುಣಲಕ್ಷಣಗಳಿಂದಲೇ ಅದನ್ನು ಹುಡುಕುವ ಮಾದರಿಯನ್ನು ಮುಂದಿಟ್ಟರು. ಮೈಕ್ರೋಸಾಫ್ಟ್ 2003ರಲ್ಲಿ ಪ್ರದರ್ಶಿಸಿದ ವಿನ್‌ಎಫ್ಎಸ್ 2006ರಲ್ಲಿ ಕೈಬಿಟ್ಟುಹೋಯಿತು. 2004ರ ಜಿಮೇಲ್ ಫೋಲ್ಡರಿಗೆ ಬದಲು ಲೇಬಲ್‌ಗಳನ್ನು ನೀಡಿ, ಒಂದೇ ಪತ್ರಕ್ಕೆ ಹಲವು ಗುರುತುಗಳನ್ನು ಸಾಧ್ಯವಾಗಿಸಿತು. ಅದೇ ವರ್ಷ ತಾಮಸ್ ವಾಂಡರ್ ವಾಲ್, ಬಳಕೆದಾರರೇ ತಮ್ಮ ಮಾತಿನಲ್ಲಿ ಗುರುತು ಹಚ್ಚುವ ಕ್ರಮಕ್ಕೆ ‘ಫೋಕ್ಸಾನಮಿ’ ಎಂಬ ಹೆಸರಿಟ್ಟರು. ‘ಫೋಕ್’ ಎಂಬ ಪದ ಇಲ್ಲಿ ಸೇರಿರುವುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಸಂಗತಿ.

ಏಕೆಂದರೆ ಹಾಡುಗಾರರಿಗೂ ತಮ್ಮದೇ ವರ್ಗೀಕರಣವಿದೆ. ‘ಸಾಲು’ ಎಂಬುದು ವಿದ್ವಾಂಸರು ಕೊಟ್ಟ ಪರಿಭಾಷೆಯಲ್ಲ. ಮಹಾಕಾವ್ಯ, ಕಥನಗೀತೆ ಎಂಬ ಗುರುತುಗಳನ್ನಷ್ಟೇ ಹಚ್ಚಿ ‘ಸಾಲ’ನ್ನು ಬಿಟ್ಟರೆ ದೇವರಗುಡ್ಡನ ಜ್ಞಾನವೇ ದಾಖಲೆಯಿಂದ ಹೊರಗುಳಿಯುತ್ತದೆ. ಹಾಗೆಂದು ಗುರುತುಗಳು ನಿರಂಕುಶವಾಗಿದ್ದರೂ ಅಪಾಯವೇ: ಒಬ್ಬರು ‘ಮಾದೇಶ್ವರ’, ಮತ್ತೊಬ್ಬರು ‘ಮಾದಪ್ಪ’, ಇನ್ನೊಬ್ಬರು ‘ಮಹದೇಶ್ವರ’ ಎಂದು ಬರೆದರೆ ಒಂದೇ ದೈವದ ಹಾಡುಗಳು ಮೂರು ಪಾಲಾಗುತ್ತವೆ.

ಫೋಲ್ಡರನ್ನು ಸಂಪೂರ್ಣ ತಿರಸ್ಕರಿಸುವುದೂ ಸಲ್ಲದು. ದಾಖಲೆಗಳನ್ನು ಅವುಗಳ ಮೂಲ ಸಮೂಹದಿಂದ ಬೇರ್ಪಡಿಸಬಾರದೆಂಬ ತತ್ತ್ವವನ್ನು ಫ್ರಾನ್ಸ್ 1841ರಲ್ಲಿಯೇ ಅಂಗೀಕರಿಸಿತ್ತು. ಇರುಳಿಡೀ ನಡೆದ ಒಂದು ಹಾಡುಗಾರಿಕೆಯಲ್ಲಿ ಯಾವ ಸಾಲಿನ ಬಳಿಕ ಯಾವುದು ಬಂತು, ಹಿಮ್ಮೇಳದವರಾರು ಎಂಬುದು ಕೂಡ ಪಠ್ಯದ ಭಾಗವೇ. ಆ ಇರುಳಿನ ಮುದ್ರಣಗಳು ಒಂದೇ ಫೋಲ್ಡರಿನಲ್ಲಿ ಅನುಕ್ರಮವಾಗಿ ಉಳಿದು, ಪ್ರತಿಯೊಂದಕ್ಕೂ ಗಾಯಕ, ಊರು, ಸಾಲು, ಸಮುದಾಯ, ಆಶಯಗಳ ಗುರುತು ಹತ್ತಿದಾಗ, ಮಹಿಳಾ ಅಧ್ಯಯನದ ವಿದ್ಯಾರ್ಥಿನಿ ‘ಹೆಂಡತಿಯ ಮೇಲಣ ಶಂಕೆ’ ಎಂದು ಹುಡುಕಿದರೂ ಸಂಕಮ್ಮ ಸಿಗುತ್ತಾಳೆ. ಸೋಲಿಗರ ಬದುಕನ್ನು ಅರಸಿ ಬಂದವನಿಗೂ ಸಿಗುತ್ತಾಳೆ.