ಹೊಳೆಯ ಸೂಚನೆ, ಬಣ್ಣದ ಸೂಚನೆ: ಪಯಸ್ವಿನಿ ದಡದಲ್ಲಿ ನೆರೆಯೊಡನೆ ನೂರು ವರ್ಷ

ಶಾಲೆಯ ಚರಿತ್ರೆಯೆಂದರೆ ಸ್ಥಾಪಕರು, ಅಧ್ಯಾಪಕರು, ದಾನಿಗಳು, ಕಟ್ಟಡಗಳು ಎಂದೇ ನಾವು ತಿಳಿಯುತ್ತೇವೆ. ಆದರೆ ಹೊಳೆಯ ದಡದ ಶಾಲೆಯೊಂದರ ಚರಿತ್ರೆಯಲ್ಲಿ ಮಳೆಗೂ ಒಂದು ಅಧ್ಯಾಯ ಸಲ್ಲಬೇಕು. ಗೊರಬೆ ಸೂಡಿ, ಸ್ಲೇಟನ್ನು ಎದೆಗವಚಿಕೊಂಡು, ಅಡಿಕೆ ಮರದ ಸಂಕ ದಾಟಿ ಬಂದ ಮೊದಲ ತಲೆಮಾರಿನ ಮಕ್ಕಳಿಗೆ ಮಳೆಗಾಲವೇ ಮೊದಲ ಪಾಠವಾಗಿತ್ತು.

ನಮ್ಮ ಹೊಳೆ ಪಯಸ್ವಿನಿ. ಕೊಡಗಿನ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು, ಜಾಲ್ಸೂರಿನ ಆಚೆ ಕಾಸರಗೋಡಿನ ಮಣ್ಣಿಗಿಳಿದು, ಕೊನೆಗೆ ಚಂದ್ರಗಿರಿಯೆಂಬ ಹೆಸರಿನಲ್ಲಿ ತಳಂಗರೆಯ ಬಳಿ ಕಡಲನ್ನು ಸೇರುತ್ತದೆ. ಉದ್ದ ಸುಮಾರು 105 ಕಿಲೋಮೀಟರು. ಈ ದಾರಿಯನ್ನು ನೆನಪಿಡಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ. ಮುಂದೆ ಹೇಳುವುದೆಲ್ಲವೂ ಅದನ್ನೇ ಅವಲಂಬಿಸಿದೆ.

ನೂರು ವರ್ಷಗಳ ಹಿಂದೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1923ರ ಆಗಸ್ಟಿನಲ್ಲಿ ಅದೇ ಜಿಲ್ಲೆಯ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿತು. ಮರುವರ್ಷ, 1924ರ ಜುಲೈಯಲ್ಲಿ, ದಕ್ಷಿಣದ ಮಲಯಾಳ ನಾಡು ಮುಳುಗಿತು. ಕೊಲ್ಲಂ ವರ್ಷ 1099ರಲ್ಲಿ ಬಂದ ಆ ಪ್ರವಾಹವನ್ನು ಅಲ್ಲಿನವರು ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದೇ ಕರೆಯುತ್ತಾರೆ. ಈ ಎರಡು ನೆರೆಗಳ ನೆನಪಿನ ನಡುವೆ ನಮ್ಮ ಹಿರಿಯರು ಬೆಳೆದರು.

ಭಾರತ ಹವಾಮಾನ ಇಲಾಖೆ 1875ರಲ್ಲಿಯೇ ಸ್ಥಾಪನೆಯಾಗಿತ್ತು. ಆದರೆ ಆ ಕಾಲದಲ್ಲಿ ಎಚ್ಚರಿಕೆಗಳು ತಂತಿಯ ಮೂಲಕ ಬಂದರುಗಳನ್ನೂ ಅಧಿಕಾರಿಗಳನ್ನೂ ತಲುಪುತ್ತಿದ್ದುವೇ ಹೊರತು ತೋಟದ ಮನೆಗಳನ್ನಲ್ಲ. ಮನೆಯವರಿಗೆ ಹೊಳೆಯೇ ಸೂಚನೆ ಕೊಡುತ್ತಿತ್ತು. ನೀರು ಕೆಂಪಾದರೆ ಘಟ್ಟದಲ್ಲಿ ಮಳೆ ಬಲವಾಗಿದೆಯೆಂದು ಅರ್ಥ. ಬುಡಸಮೇತ ಮರ ತೇಲಿಬಂದರೆ ಮೇಲೆಲ್ಲೋ ದರೆ ಜರಿದಿದೆಯೆಂದು ಅರ್ಥ. ತೋಡಿನ ನೀರು ಹೊಳೆಗಿಳಿಯದೆ ಹಿಂದಕ್ಕೆ ಒತ್ತತೊಡಗಿದರೆ ಹಟ್ಟಿಯ ದನಗಳ ಹಗ್ಗ ಬಿಚ್ಚುವ ಹೊತ್ತಾಯಿತೆಂದು ಅರ್ಥ. ಪತ್ತನಾಜೆ ಕಳೆಯುವಷ್ಟರಲ್ಲಿ ಅಕ್ಕಿಮುಡಿ ಅಟ್ಟವೇರುತ್ತಿತ್ತು. ಒಣ ಕಟ್ಟಿಗೆ, ಹಲಸಿನ ಹಪ್ಪಳ, ಉಪ್ಪಿನಕಾಯಿಯ ಭರಣಿ ಸಿದ್ಧವಾಗಿರುತ್ತಿದ್ದುವು. ಮುನ್ಸೂಚನೆ ತಪ್ಪಿದರೂ ಸಿದ್ಧತೆ ತಪ್ಪುತ್ತಿರಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹೊಳೆಯ ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದರಲ್ಲಿ ಉಳಿಯಿತು. ನೀರು ಗಡಿಯನ್ನು ಲೆಕ್ಕಿಸಲಿಲ್ಲ. ಸುದ್ದಿಯಾದರೋ ಗಡಿಯಲ್ಲಿ ಎರಡಾಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಗಡಿಯಾಚೆಯ ಮಳೆಯ ವಾರ್ತೆ ಕನ್ನಡದಲ್ಲಿಯೇ ನಮ್ಮ ಚಾವಡಿಗೂ ಬರತೊಡಗಿತು.

ಇಂದು ಎಚ್ಚರಿಕೆಗೆ ಕೊರತೆಯಿಲ್ಲ; ಗೊಂದಲಕ್ಕೂ ಇಲ್ಲ. ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕಾರ್ಯಪ್ರವೃತ್ತರಾಗಿ ಎಂದು ಹವಾಮಾನ ಇಲಾಖೆಯ ಸಂಕೇತ. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗಿನ ಮಳೆ ‘ಭಾರೀ’, 204.4ರವರೆಗೆ ‘ಅತಿ ಭಾರೀ’, ಅದಕ್ಕೂ ಮಿಕ್ಕಿದ್ದು ‘ಅತ್ಯಂತ ಭಾರೀ’. ಅಂಕಿಯನ್ನು ಅಂಗಳಕ್ಕಿಳಿಸಿ ನೋಡಿದರೆ ಅದರ ಭಾರ ತಿಳಿಯುತ್ತದೆ: ಹತ್ತು ಸೆಂಟ್ಸ್ ಹಿತ್ತಿಲಿನ ಮೇಲೆ 204.4 ಮಿಲಿಮೀಟರು ಮಳೆ ಬಿದ್ದರೆ ಅದು 80,000 ಲೀಟರಿಗೂ ಮೀರಿದ ನೀರು.

ಗೊಂದಲ ಮೂರು ಬಗೆಯದು. ಮೊದಲನೆಯದಾಗಿ, ಬಣ್ಣ ಇಡೀ ಜಿಲ್ಲೆಗೆ ಒಂದೇ. ಕಡಲ ಬದಿಯಲ್ಲಿ ಬಿಸಿಲು ಕಂಡವರು ಎಚ್ಚರಿಕೆ ಸುಳ್ಳಾಯಿತೆನ್ನುತ್ತಾರೆ. ಅದೇ ಹೊತ್ತಿಗೆ ಮಲೆಬದಿಯಲ್ಲಿ ಧಾರೆ ಸುರಿಯುತ್ತಿರಬಹುದು. ಎರಡನೆಯದಾಗಿ, ಮಳೆಗೆ ಒಂದು ಬಣ್ಣ, ಹೊಳೆಯ ಮಟ್ಟಕ್ಕೆ ಇನ್ನೊಂದು. ಮಳೆಗೆ ಹಳದಿಯಿದ್ದ ದಿನವೇ ಹೊಳೆಗೆ ಕಿತ್ತಳೆ ಇರಬಹುದು; ಇವೆರಡೂ ಪರಸ್ಪರ ವಿರುದ್ಧವಲ್ಲ. ಮೂರನೆಯದು ನಮಗೇ ವಿಶೇಷವಾದದ್ದು. ಕಾಸರಗೋಡಿಗೆ ಹಳದಿ, ಕೊಡಗಿಗೂ ದಕ್ಷಿಣ ಕನ್ನಡಕ್ಕೂ ಕೆಂಪು ಎಂದಿದ್ದರೆ ಹೊಳೆ ಬದಿಯ ನಾವು ಯಾವುದನ್ನು ನಂಬಬೇಕು? ಹೊಳೆಯ ದಾರಿಯನ್ನು ನೆನಪಿಸಿಕೊಂಡರೆ ಉತ್ತರ ಅಲ್ಲಿಯೇ ಇದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಮತ್ತು ಸಂಪಾಜೆಯ ನಡುವಿನ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡಗಳು ಕುಸಿದಾಗ ಆ ಮಣ್ಣನ್ನೂ ಮರಗಳನ್ನೂ ಪಯಸ್ವಿನಿಯೇ ಕೆಳಗೆ ಹೊತ್ತು ತಂದಿತು. ನಮ್ಮ ಮೇಲೆ ಬೀಳುವ ಮಳೆಯನ್ನು ನಮ್ಮ ಜಿಲ್ಲೆಯ ಬಣ್ಣ ಹೇಳುತ್ತದೆ. ನಮ್ಮ ಕಡೆಗೆ ಬರುವ ನೀರನ್ನು ಮೇಲಿನ ಜಿಲ್ಲೆಗಳ ಬಣ್ಣ ಹೇಳುತ್ತದೆ. ಎರಡನ್ನೂ ಓದಬೇಕು.

ಓದುವುದೆಂದರೆ ಭಾಷೆಯ ಪ್ರಶ್ನೆಯೂ ಹೌದು. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿರುತ್ತವೆ. ಮನೆಯ ಅಜ್ಜ ಅಜ್ಜಿಯರಿಗೆ ಅವು ಚಿತ್ರಲಿಪಿಯಷ್ಟೇ ಅಪರಿಚಿತ. ಅಲ್ಲಿ ಶಾಲೆಗೆ ಹೋಗುವ ಮಗುವೇ ದುಭಾಷಿ. ಆದರೆ ಆ ಮಗು ಕೆಂಪು ಬಣ್ಣವನ್ನು ಕಂಡೊಡನೆ ಕೇಳುವ ಮೊದಲ ಪ್ರಶ್ನೆ “ನಾಳೆ ರಜೆಯೇ?” ಎಂಬುದು. ನಾವೂ ಅದನ್ನೇ ಕೇಳಿದವರು, ಮಕ್ಕಳನ್ನು ದೂರುವುದಿಲ್ಲ. ರಜೆ ಘೋಷಣೆಯಾದೊಡನೆ ಎಚ್ಚರಿಕೆಯ ಕೆಲಸ ಮುಗಿಯಿತೆಂದು ಹಿರಿಯರು ಭಾವಿಸುವುದೇ ದೊಡ್ಡ ಅಪಾಯ. ರಜೆ ಕೊಡುವುದು ಮಗು ಮನೆಯಲ್ಲಿ ಸುರಕ್ಷಿತವಾಗಿರಲೆಂದು; ಆ ಮನೆ ಸುರಕ್ಷಿತವಾಗಿದೆಯೇ ಎಂದು ನೋಡುವುದು ನಮ್ಮ ಹೊಣೆ.

ಆ ಹೊಣೆ ಹೊಸತೇನಲ್ಲ. ಅಕ್ಕಿಮುಡಿಯ ಜತೆಗೆ ಇಂದು ಜಾಗದ ಪತ್ರ, ಪಡಿತರ ಚೀಟಿ, ಆಧಾರ್, ಮಕ್ಕಳ ಅಂಕಪಟ್ಟಿಗಳು ಪ್ಲಾಸ್ಟಿಕ್ ಚೀಲದೊಳಗೆ ಕುಳಿತು ಅಟ್ಟವೇರಬೇಕು. ನಿತ್ಯದ ಔಷಧಿ, ಟಾರ್ಚು, ಕುದಿಸಿದ ನೀರು ಕೈಗೆಟಕುವಂತಿರಬೇಕು. ಮೊಬೈಲು ಹಗಲಲ್ಲೇ ಚಾರ್ಜ್ ಆಗಿರಬೇಕು. ನೀರು ಅಂಗಳಕ್ಕೆ ಬರುವ ಮೊದಲೇ ಮೈನ್ ಸ್ವಿಚ್ ಆರಿಸಬೇಕು, ದನಗಳನ್ನು ಎತ್ತರಕ್ಕೆ ಒಯ್ಯಬೇಕು. ಕತ್ತಲಾದ ಮೇಲೆ ಹೊರಡುವುದಕ್ಕಿಂತ ಬೆಳಕಿರುವಾಗಲೇ ಹೊರಡುವುದು ಲೇಸು. ಹರಿಯುವ ನೀರಿನ ಮೇಲೆ ಸಂಕ ದಾಟುವ ಸಾಹಸ ಯಾರಿಗೂ ಬೇಡ. ಜಿಲ್ಲೆಯ ನಿಯಂತ್ರಣ ಕೊಠಡಿಯ ದೂರವಾಣಿ ಸಂಖ್ಯೆ 1077 ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ನೀರಿಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕದೆ ಕುಡಿಯಲಾಗದು. ಕೆಸರಿಗಿಳಿದವರು ಇಲಿಜ್ವರದ ಬಗ್ಗೆ ವೈದ್ಯರನ್ನು ಕಾಣಬೇಕು.

ನಮ್ಮ ಹಿರಿಯರಿಗೆ ಹೊಳೆಯನ್ನು ಓದಲು ಬರುತ್ತಿತ್ತು, ಕಾಗದವನ್ನು ಓದಲು ಎಲ್ಲರಿಗೂ ಬರುತ್ತಿರಲಿಲ್ಲ. ಅದಕ್ಕಾಗಿ ಅವರು ಈ ಶಾಲೆಯನ್ನು ಕಟ್ಟಿದರು. ನಮಗೆ ಕಾಗದ ಓದಲು ಬರುತ್ತದೆ, ಹೊಳೆಯನ್ನು ಮರೆಯುತ್ತಿದ್ದೇವೆ. ಎರಡನೆಯ ಶತಮಾನದ ಮಕ್ಕಳು ಬಣ್ಣವನ್ನೂ ಹೊಳೆಯನ್ನೂ ಓದಿ, ಅದನ್ನು ಅಜ್ಜಿಗೆ ಅವಳ ಮಾತಿನಲ್ಲಿಯೇ ತಿಳಿಸುವಂತಾಗಲಿ.