ತೂಬಿಲ್ಲದ ಕೆರೆ: 1889ರ ಜಾನ್ಸ್‌ಟೌನ್ ನಮಗೆ ಹೇಳೋ ಮಾತು

ಹೋದ ತಿಂಗಳು ಗೆಳೆಯನೊಬ್ಬ ಪುಣೆ ಹೊರಗೆ ವೀಕೆಂಡ್ ಪ್ಲಾಟ್ ನೋಡೋಕೆ ಕರ್ಕೊಂಡು ಹೋಗಿದ್ದ. ಖಾಸಗಿ ಜಾಗ. ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿ ಪುಟ್ಟ ಕೆರೆ ಮಾಡಿದ್ದಾರೆ. ಏಜೆಂಟ್ ‘ಲೇಕ್ ವ್ಯೂ’ ಅಂತ ಶುರು ಮಾಡಿದ. ನಾನು ಕೆರೆ ಇರೋ ಊರಲ್ಲಿ ಬೆಳೆದವನು, ನೀರು ಖಾಲಿ ಮಾಡೋ ತೂಬು ಎಲ್ಲಿದೆ ಅಂತ ಕೇಳಿದೆ. ‘ಸೋರ್ತಿತ್ತು ಸರ್, ಹಳೇ ಓನರ್ ಮುಚ್ಚಿಸಿಬಿಟ್ರು’ ಅಂದ. ಆಗ ನನಗೆ ನೆನಪಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು. ಇವತ್ತಿನ ಮಾತು ಅದರದ್ದೇ.

ಮೊದಲು ಒಂದು ವಿಷಯ. ಕಲ್ಲಿನ ಕಟ್ಟೆಯ ಮೇಲೆ ನೀರು ಸ್ವಲ್ಪ ಹೊತ್ತು ಹರಿದರೂ ಅದು ತಡೆದೀತು. ಮಣ್ಣಿನ ಏರಿ ತಡೆಯಲ್ಲ. ನೀರು ಮೇಲೆ ಹತ್ತಿ ಹರಿದರೆ ಮಣ್ಣನ್ನು ಕೊಚ್ಚುತ್ತಾ ಹೋಗುತ್ತೆ. ಅದಕ್ಕೇ ನಮ್ಮ ಹಿರಿಯರು ಏರಿಯ ಜೊತೆಗೆ ತೂಬು, ಕೋಡಿ ಎರಡನ್ನೂ ಕಟ್ಟಿದ್ದು. ತೂಬು ನಾವು ಬೇಕೆಂದಾಗ ನೀರು ಬಿಡೋಕೆ, ಕೋಡಿ ಹೆಚ್ಚಾದ ನೀರು ತಾನಾಗಿ ಹೋಗೋಕೆ.

ಸೌತ್ ಫೋರ್ಕ್‌ನಲ್ಲೂ ಇವೆರಡೂ ಇದ್ದವು. ಕಾಲುವೆ ಸಾರಿಗೆಗೆ ನೀರು ಬೇಕು ಅಂತ ರಾಜ್ಯ ಸರ್ಕಾರ 1838ರಲ್ಲಿ ಕೆಲಸ ಶುರು ಮಾಡಿತು. 72 ಅಡಿ ಎತ್ತರ, 931 ಅಡಿ ಉದ್ದದ ಮಣ್ಣಿನ ಅಣೆಕಟ್ಟು. ತಳದಲ್ಲಿ ನೀರು ಬಿಡೋಕೆ ಎರಡೆರಡು ಅಡಿ ಅಗಲದ ಐದು ಬೀಡುಕಬ್ಬಿಣದ ಪೈಪು, ಪಕ್ಕದಲ್ಲಿ ಕೋಡಿ. ಅಷ್ಟರಲ್ಲಿ ರೈಲು ಬಂತು, ಕಾಲುವೆ ಮೂಲೆಗೆ ಬಿತ್ತು. 1857ರಲ್ಲಿ ಅಣೆಕಟ್ಟು ರೈಲ್ವೆ ಕಂಪನಿಯ ಕೈಗೆ ಹೋಯಿತು. ಅವರಿಗೆ ಅದು ಬೇಕಿರಲಿಲ್ಲ. 1862ರಲ್ಲಿ ಒಮ್ಮೆ ಒಡೆಯಿತು. ನೀರು ಕಡಿಮೆ ಇದ್ದಿದ್ದರಿಂದ ಕೆಳಗಿನವರು ಬಚಾವಾದರು.

1875ರಲ್ಲಿ ಕೊಂಡ ಜಾನ್ ರೈಲಿ ಆ ಐದೂ ಪೈಪು ಕಿತ್ತು ಗುಜರಿಗೆ ಮಾರಿದ. ಅವನಿಂದ ಕೊಂಡ ಬೆಂಜಮಿನ್ ರಫ್ 1879ರಲ್ಲಿ ಶ್ರೀಮಂತರಿಗೆ ಮೀನು ಹಿಡಿಯೋ ಕ್ಲಬ್ ಮಾಡಿದ. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್ ಅಂಥವರು ಅದರ ಸದಸ್ಯರು. ಒಡೆದ ಜಾಗಕ್ಕೆ ಮಣ್ಣು, ಕಲ್ಲು, ಮರದ ಕೊಂಬೆ, ಹುಲ್ಲು, ಗೊಬ್ಬರ ತುಂಬಿದರು. ಪೈಪು ಮತ್ತೆ ಹಾಕಲಿಲ್ಲ. ಕುದುರೆ ಗಾಡಿ ಓಡಾಡಲಿ ಅಂತ ಏರಿಯ ತಲೆಯನ್ನು ತಗ್ಗಿಸಿದರು. ಬಿಟ್ಟ ಮೀನು ಕೋಡಿ ದಾಟಿ ಹೋಗದಿರಲಿ ಅಂತ ಜಾಲರಿ ಹಾಕಿದರು.

14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್‌ನ ಉಕ್ಕಿನ ಕಾರ್ಖಾನೆ ಮುಖ್ಯಸ್ಥ ಡೇನಿಯಲ್ ಮೊರೆಲ್‌ಗೆ ಭಯ ಇತ್ತು. 1880ರಲ್ಲಿ ತನ್ನ ಎಂಜಿನಿಯರ್ ಜಾನ್ ಫುಲ್ಟನ್‌ನನ್ನು ಕಳಿಸಿದ. ಫುಲ್ಟನ್ ಎರಡು ದೋಷ ಬರೆದ: ರಿಪೇರಿಗೆ ನೀರು ಇಳಿಸೋ ದಾರಿಯೇ ಇಲ್ಲ, ತುಂಬಿದ ಜಾಗ ಸೋರ್ತಿದೆ. ಖರ್ಚಲ್ಲಿ ಪಾಲು ಕೊಡ್ತೀನಿ ಅಂತಲೂ ಮೊರೆಲ್ ಹೇಳಿದ. ರಫ್ ಒಪ್ಪಲಿಲ್ಲ, ಅಪಾಯವೇ ಇಲ್ಲ ಅಂದ. 1885ರಲ್ಲಿ ಮೊರೆಲ್ ತೀರಿಕೊಂಡ, ಎರಡು ವರ್ಷದ ಮೇಲೆ ರಫ್ ಕೂಡ.

1889ರ ಮೇ 31. ರಾತ್ರಿಯಿಡೀ ಭಾರೀ ಮಳೆ. ಬೆಳಗ್ಗೆ ನೋಡಿದರೆ ನೀರು ಏರಿಯ ತಲೆ ಮುಟ್ಟುತ್ತಿದೆ. ಕೋಡಿಯ ಜಾಲರಿಗೆ ಕಸ ಸಿಕ್ಕಿಕೊಂಡಿದೆ. ಜಾಲರಿ ಬಿಡಿಸೋಕೆ, ಇನ್ನೊಂದು ಕೋಡಿ ತೋಡೋಕೆ ಕೂಲಿಗಳು ಪರದಾಡಿದರು. ಯುವ ಎಂಜಿನಿಯರ್ ಜಾನ್ ಪಾರ್ಕ್ ಕುದುರೆ ಹತ್ತಿ ಕೆಳಗಿನ ಊರಿಗೆ ಹೋಗಿ ಎಚ್ಚರಿಸಿದ. ‘ಒಡೆಯುತ್ತೆ ಒಡೆಯುತ್ತೆ’ ಅಂತ ವರ್ಷಗಳಿಂದ ಕೇಳಿ ಕೇಳಿ ಜನಕ್ಕೆ ಅಭ್ಯಾಸ ಆಗಿಬಿಟ್ಟಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಏರಿ ಹೋಯಿತು. ಒಂದು ಗಂಟೆಯಲ್ಲಿ ನೀರು ಜಾನ್ಸ್‌ಟೌನ್ ಮುಟ್ಟಿತು. ಸತ್ತವರ ಲೆಕ್ಕ 2,209.

ನಾವು ಸಾಫ್ಟ್‌ವೇರ್‌ನವರು ಇದನ್ನು ಬೇಗ ಅರ್ಥ ಮಾಡ್ಕೋಬಹುದು. ಪೈಪು ಮಾರಿದ್ದು, ರಸ್ತೆ ಅಗಲ ಮಾಡಿದ್ದು, ಜಾಲರಿ ಹಾಕಿದ್ದು, ಒಂದೊಂದಕ್ಕೂ ಆಯಾ ದಿನಕ್ಕೆ ಕಾರಣ ಇತ್ತು. ನಾಲ್ಕು ಸಲ ಕೈ ಬದಲಾಯಿತು, ಆದರೆ ಪೈಪು ಯಾಕಿತ್ತು ಅನ್ನೋ ಪ್ರಶ್ನೆ ಮಾತ್ರ ಯಾವ ಹ್ಯಾಂಡೋವರ್‌ನಲ್ಲೂ ಬರಲಿಲ್ಲ. ಘಟನೆ ಆದಮೇಲೆ ಎಂಜಿನಿಯರುಗಳ ಸಮಿತಿ, ಏರಿ ಹಳೇ ಎತ್ತರದಲ್ಲಿದ್ದರೂ ಒಡೀತಿತ್ತು ಅಂತ ವರದಿ ಕೊಟ್ಟಿತು. 2016ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿ ಅದು ತಪ್ಪು ಅಂತ ತೋರಿಸಿತು. ತಗ್ಗಿಸದೇ ಇದ್ದಿದ್ದರೆ ಏರಿ ಆ ದಿನ ಉಳೀತಿತ್ತು.

ಕ್ಲಬ್ ಆಗಲಿ, ಅದರ ಸದಸ್ಯರಾಗಲಿ ಕೋರ್ಟಿನಲ್ಲಿ ಹೊಣೆಗಾರರಾಗಲಿಲ್ಲ. ಇಂಗ್ಲೆಂಡಿನಲ್ಲಿ ಆಗಲೇ 1868ರ ರೈಲ್ಯಾಂಡ್ಸ್ ಕೇಸಿನ ತೀರ್ಪು ಇತ್ತು. ಅದೂ ಗಿರಣಿ ಮಾಲೀಕನ ಖಾಸಗಿ ಜಲಾಶಯವೇ. ಅಪಾಯದ ವಸ್ತು ಕೂಡಿಟ್ಟವನು, ಅದು ಹೊರಗೆ ಹೋದರೆ, ತಪ್ಪು ಸಾಬೀತಾಗದಿದ್ದರೂ ನಷ್ಟ ಕೊಡಬೇಕು ಅಂತ. ದೆಹಲಿಯ ಅನಿಲ ಸೋರಿಕೆಯ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಗಳ ಮಟ್ಟಿಗೆ ಇದನ್ನೂ ಮೀರಿ, ವಿನಾಯಿತಿಯೇ ಇಲ್ಲದ ಹೊಣೆ ಹೊರಿಸಿತು. ಆದರೆ ನಷ್ಟ ಪರಿಹಾರ ಅನ್ನೋದು ಒಡೆದಮೇಲಿನ ಮಾತು. ಒಡೆಯೋ ಮುಂಚೆ ನೋಡೋಕೆ ಅಂತ ಇರೋ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, 15 ಮೀಟರಿಗಿಂತ ಎತ್ತರದವಕ್ಕೆ, ಮತ್ತೆ 10ರಿಂದ 15 ಮೀಟರಿನೊಳಗೆ ಕೆಲವು ಷರತ್ತಿಗೆ ಒಳಪಟ್ಟವಕ್ಕೆ. ನಾನು ನೋಡಿದ ಆರೇಳು ಮೀಟರಿನ ಏರಿ ಅದರೊಳಗೆ ಬರೋದೇ ಇಲ್ಲ.

ಹಾಗಾಗಿ ಕೇಳಬೇಕಾದವರು ನಾವೇ. ತೂಬು ಕೆಲಸ ಮಾಡುತ್ತಾ? ಕೋಡಿಗೆ ಏನಾದರೂ ಅಡ್ಡ ಇದೆಯಾ? ಏರಿಯ ತಲೆ ನಡುವೆ ಕುಸಿದಿದೆಯಾ? ಏರಿ ಬುಡದಲ್ಲಿ ಒಸರೋ ನೀರು ತಿಳಿಯಾಗಿದೆಯಾ, ಮಣ್ಣು ಕದಡಿ ಬರ್ತಿದೆಯಾ? ಕದಡಿ ಬಂದರೆ ಏರಿಯ ಒಳಗಿನ ಮಣ್ಣು ಹೋಗ್ತಿದೆ ಅಂತ ಅರ್ಥ.

ಗೆಳೆಯ ಆ ಪ್ಲಾಟ್ ಬಿಟ್ಟ. ಆದರೆ ಏರಿ ಕೆಳಗೆ ಒಂದೂವರೆ ಕಿಲೋಮೀಟರಿನಲ್ಲಿ ಮೊದಲಿಂದಲೂ ಒಂದು ಹಳ್ಳಿ ಇದೆ. ಪ್ಲಾಟ್ ಬೇಡ ಅಂತ ಕಾರು ತಿರುಗಿಸಿ ಬರೋ ಅನುಕೂಲ ಅವರಿಗಿಲ್ಲ. ಅದಕ್ಕೇ ಫೋಟೋ ಇಟ್ಟು, ಆ ನಾಲ್ಕು ಪ್ರಶ್ನೆ ಬರೆದು, ತಹಶೀಲ್ದಾರರಿಗೊಂದು, ಆ ಗ್ರಾಮ ಪಂಚಾಯಿತಿಗೊಂದು ಪತ್ರ ಕಳಿಸಿದ್ದೀವಿ. ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ಹೋಗಿ ನೋಡಿಕೊಂಡು ಬರ್ತೀವಿ.