ಉಮೇದುವಾರನ ಊಟ-ವಸತಿ

ಚಿತ್ರದುರ್ಗ ಸೀಮೆಯಲ್ಲಿ ಇವತ್ತು ಉಮೇದುವಾರ ಎಂದರೆ ಚುನಾವಣೆಗೆ ನಿಂತವರು. ನಾಮಪತ್ರ, ಠೇವಣಿ, ಬಾವುಟಗಳ ನಡುವೆ ಪದ ಗಟ್ಟಿಯಾಗಿ ಕೂತುಬಿಟ್ಟಿದೆ. ಅದರ ಹಿಂದಿನ ಬದುಕು ಬೇರೆ. ಫಾರಸಿಯಲ್ಲಿ ‘ಉಮೀದ್’ ಎಂದರೆ ಭರವಸೆ. ‘ವಾರ್’ ಸೇರಿದರೆ ಭರವಸೆ ಇಟ್ಟುಕೊಂಡವನು. ಶಿರಸ್ತೇದಾರ, ಗುಮಾಸ್ತರ ಜೊತೆ ಕಚೇರಿಯ ಬಾಗಿಲಿನಿಂದಲೇ ಅದು ಕನ್ನಡಕ್ಕೆ ಬಂತು. ಮುಂದೆಂದಾದರೂ ನೌಕರಿ ಸಿಕ್ಕೀತೆಂದು ಸಂಬಳವಿಲ್ಲದೆ ಕಾಗದ ನಕಲು ಮಾಡುತ್ತ ಕೂರುತ್ತಿದ್ದ ಹುಡುಗನೇ ಹಳೆಯ ಉಮೇದುವಾರ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲೂ ಅವನು ಕೆಲಸಕ್ಕಾಗಿ ಕಾದವನೇ. ಮರಾಠಿಯಲ್ಲಿ ‘ಉಮೇದವಾರಿ’ ಮಾಡುವುದೆಂದರೆ ಈಗಲೂ ಒಬ್ಬರ ಕೈಕೆಳಗೆ ದುಡಿದು ಕಸುಬು ಕಲಿಯುವುದು. ಕನ್ನಡ ಆ ಅರ್ಥವನ್ನು ಬಿಟ್ಟುಕೊಟ್ಟಿತು, ‘ಉಮೇದು’ ಮಾತ್ರ ಹುರುಪಾಗಿ ನಮ್ಮಲ್ಲಿ ಉಳಿಯಿತು.

ತೆರವಾದ ಜಾಗಕ್ಕೆ ಎರಡು ಪದಗಳು ಬಂದವು. ಒಂದು ಸರ್ಕಾರಿ ಪ್ರಕಟಣೆಗಳ ‘ಶಿಶಿಕ್ಷು’, ಅಂದರೆ ಅಪ್ರೆಂಟಿಸ್. ಮುಮುಕ್ಷು, ಜಿಜ್ಞಾಸುಗಳ ಅಚ್ಚಿನಲ್ಲಿ ಕಟ್ಟಿದ ಮಾತು. ಪಾಣಿನಿಯ ವ್ಯಾಕರಣ ‘ಅಷ್ಟಾಧ್ಯಾಯಿ’ಯ ಮೂರನೆಯ ಅಧ್ಯಾಯದಲ್ಲಿ ಇಂಥ ಪದಗಳ ಕೊನೆಯ ಉಕಾರವನ್ನು ವಿಧಿಸುವ ಸೂತ್ರವಿದೆ. ಬಯಸುವವನು, ಆಶಿಸುವವನು, ಭಿಕ್ಷೆ ಬೇಡುವವನು ಮೂವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಉಮೇದುವಾರನ ಚರಿತ್ರೆಯನ್ನು ಓದಿ ಈ ಸೂತ್ರಕ್ಕೆ ಬಂದರೆ ಮನಸ್ಸು ಕಲಕುತ್ತದೆ.

ಇನ್ನೊಂದು ‘ಇಂಟರ್ನ್’. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ 1802ರಿಂದ ಪರೀಕ್ಷೆಯಲ್ಲಿ ಗೆದ್ದು ಸೇರುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಫ್ರೆಂಚರು ಇಟ್ಟ ಹೆಸರು: ಒಳಗಿರುವವನು. ಅಲ್ಲೇ ವಾಸ, ಅಲ್ಲೇ ಕಲಿಕೆ. ಇಂಟರ್ನ್ ಒಳಗಿನವನು, ಉಮೇದುವಾರ ಹೊಸ್ತಿಲಲ್ಲಿ ಕಾಯುವವನು. ನಮ್ಮ ವಿದ್ಯಾರ್ಥಿಗಳಿಗೆ ಸಿಗುವುದು ಮೊದಲನೆಯವನ ಹೆಸರು, ಎರಡನೆಯವನ ಪಾಡು.

ಕಡಲ ಸಂರಕ್ಷಣೆಯನ್ನೇ ನೋಡಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜಿದೆ. ಆದರೆ ಎಂ.ಎಸ್ಸಿ. ತರಗತಿಯಲ್ಲಿ ಕಡಲಾಮೆ ಮೊಟ್ಟೆಯಿಡುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರ, ಕಾರವಾರದ ಮರಳಿನ ಮೇಲೆ ನಡೆಯಬೇಕು, ಹೆಜ್ಜೆಯ ಗುರುತು ಹಿಡಿದು ಗೂಡು ಕಾಣಬೇಕು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ; ಮರಿ ಹೊರಬರಲು ಸುಮಾರು 45ರಿಂದ 60 ದಿನ. ಮರಳಿನ ಬಿಸಿ ಹೆಚ್ಚಿದಷ್ಟೂ ಹೆಣ್ಣುಮರಿಗಳೇ ಹೆಚ್ಚು. ಇದನ್ನು ಅಳೆಯಲು ಆ ಅಷ್ಟೂ ದಿನ ಅಲ್ಲೇ ಇರಬೇಕು. ಬೆಳಗಿನ ಜಾವ ಮೀನು ಇಳಿಸುವ ದಕ್ಕೆಗೆ ಹೋಗಿ ಬಲೆಯಲ್ಲಿ ಮೀನಿನ ಜೊತೆ ಏನೇನು ಸಿಕ್ಕಿಬಂದಿದೆ ಎಂದು ಎಣಿಸುವುದೂ, ಮೀನುಗಾರರ ಮಾತು ಕೇಳಿ ಬರೆದುಕೊಳ್ಳುವುದೂ ಇದೇ ಕೆಲಸ. ಇಲ್ಲಿ ಇಂಟರ್ನ್ ಅಕ್ಷರಶಃ ಒಳಗಿರಲೇಬೇಕು.

ಖರ್ಚು ಯಾರದು? 1961ರ ಅಪ್ರೆಂಟಿಸ್ ಕಾಯ್ದೆ ಶಿಶಿಕ್ಷುವಿಗೆ ಸ್ಟೈಪೆಂಡ್ ಕೊಡಲೇಬೇಕೆನ್ನುತ್ತದೆ. ಇಂಟರ್ನ್‌ಶಿಪ್ ಎಂದು ಹೆಸರಿಟ್ಟರೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಹಾಗಾಗಿ ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರಿಗೆ ಕಡಲು ಹತ್ತಿರ; ಈರುಳ್ಳಿ, ಮೆಕ್ಕೆಜೋಳದ ಬೆಲೆ ನಂಬಿ ಓದಿಸುವ ನಮ್ಮ ಕಡೆಯ ಮನೆಗಳ ಮಕ್ಕಳಿಗೆ ದೂರ. ಇದು ಸರಿಯಲ್ಲ. ಹಳ್ಳಿ ಮಕ್ಕಳ ಓದಿಗೆ ಮೊದಲು ಬೇಕಾದದ್ದು ಅನ್ನ ಮತ್ತು ಇರಲೊಂದು ನೆಲೆ ಎಂಬುದನ್ನು ನಮ್ಮ ಸೀಮೆಯ ಸಿರಿಗೆರೆ ಬಲ್ಲದು. ಇಲ್ಲಿನ ಮಠದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ಶಾಲೆಗಳ ಜೊತೆಗೇ ವಿದ್ಯಾರ್ಥಿನಿಲಯಗಳನ್ನೂ ಕಟ್ಟಿಸಿದರು.

ಕಡಲಿಗಾಗಿ ದುಡಿಯುವ ಸಂಸ್ಥೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ನನ್ನ ಕೇಳಿಕೆ ಒಂದೇ. ಇಂಟರ್ನ್‌ಶಿಪ್ಪಿನ ಪ್ರಕಟಣೆಯಲ್ಲಿ ಊಟ, ವಸತಿ, ಸ್ಟೈಪೆಂಡ್ ಎಷ್ಟೆಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಅರ್ಹತೆಯ ಮಾತು ಆಮೇಲೆ ಬರಲಿ.